ಸೊಪ್ಪಿನ ಹೆಂಗಸು

ಗುಲಾಬಿ ಹಾರವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಚೆನ್ನಿಯಪ್ಪನ್ ಸೂಲೂರಿನಲ್ಲಿ ಟೌನ್ ಬಸ್ಸಿಂದ ಇಳಿದ. ಅನ್ನೂರಿನ ಹೂವಿನಂಗಡಿಯಲ್ಲಿ ಇದ್ದುದರಲ್ಲೆಲ್ಲ ದಪ್ಪನೆಯ ಹಾರವನ್ನೇ ಆರಿಸಿದ್ದ. ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕಾಲು ಪಾಲು ಎಸಳು ಉದುರಿಹೋಗಿದ್ದವು.

ಸತ್ತವನು ಲಿಂಗಪ್ಪನ್. ಪೊಂಗಲಿಗೆ ಕ್ಲಬ್ಬಿನಲ್ಲಿ ನಡೆಯುವ ರಮ್ಮಿ ಟೂರ್ನಮೆಂಟಿನಲ್ಲಿ ಹನ್ನೊಂದು ವರ್ಷ ಅವನೂ ಇವನೂ ಎದುರುಬದುರು ಕೂತಿದ್ದರು. ಹತ್ತು ವರ್ಷ ಗೆದ್ದವರ ಕಪ್ ಲಿಂಗಪ್ಪನ್ ಮನೆಗೆ ಹೋಗಿತ್ತು. ಎಂಬತ್ತನಾಲ್ಕರಲ್ಲಿ ಒಂದೇ ಒಂದು ಸಲ ಚೆನ್ನಿಯಪ್ಪನ್ ಮನೆಗೆ ಬಂದಿತ್ತು. ಸಾವಿನ ಸುದ್ದಿ ಕೇಳಿದಾಗ ಅವನಿಗೆ ಮೊದಲು ಹೊಳೆದದ್ದೂ ಅದೇ. ಇನ್ನು ಆ ಒಂದು ಗೆಲುವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಹಾರ ದಪ್ಪದ್ದೇ ಇರಲಿ ಅನ್ನಿಸಿತು.

ಬೀದಿ ತಿರುಗಿದೊಡನೆ ಅವನ ಹೆಜ್ಜೆ ನಿಧಾನವಾಯಿತು. ಅಷ್ಟೊಂದು ಜನ! ಮಿಲ್ಲಿನ ಎರಡನೇ ಶಿಫ್ಟಿನವರು ಕೆಲಸ ಬಿಟ್ಟು ಬಂದು ನಿಂತಿದ್ದರು. ಸ್ಪಿನ್ನಿಂಗ್ ಖಾತೆಯ ಒಬ್ಬ ಕೂಲಿಗೆ ಇಷ್ಟು ಮಂದಿಯೇ? ತಾನು ಹತ್ತಿ ದಲ್ಲಾಳಿ, ಧಾರಾಪುರದವರೆಗೂ ಹೆಸರು ಗೊತ್ತಿರುವವನು. ತಾನು ಸತ್ತರೆ ಇದರ ಅರ್ಧ ಸೇರಿದರೆ ಪುಣ್ಯ. ಹೆಣದ ಮೇಲೂ ಹೊಟ್ಟೆಕಿಚ್ಚು ಪಡುವವನು ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೆ ಕಿಚ್ಚು ಆರುತ್ತದೆಯೇ?

ಕ್ಲಬ್ಬಿನ ಸೆಕ್ರೆಟರಿ ಮಯಿಲ್‌ಸಾಮಿ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಹೆಣದ ಮೂಗಿಗೂ ಕಿವಿಗೂ ಇಟ್ಟಿದ್ದ ಹತ್ತಿಯನ್ನು ಕಣ್ಣಲ್ಲೇ ತೋರಿಸಿ, ಪಾಪ, ಹತ್ತಿ ಮಾತ್ರ ಇವತ್ತೂ ಬಿಡಲಿಲ್ಲ ಎಂದು ತಮಿಳಿನಲ್ಲಿ ಪಿಸುಗುಟ್ಟಿದ.

*

ಆಟಕ್ಕೆ ಕೂರುವಾಗ ಲಿಂಗಪ್ಪನ್ ಕಿವಿಗೆ ಹತ್ತಿ ತುರುಕಿಕೊಂಡೇ ಕೂರುತ್ತಿದ್ದ. ಮಿಲ್ಲಿನ ಗದ್ದಲಕ್ಕೆ ಕಿವಿ ಕೆಟ್ಟಿದೆ, ತಣ್ಣನೆ ಗಾಳಿ ಆಗುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾತೆಂದರೆ ಅವನಿಗೆ ಅಷ್ಟಕ್ಕಷ್ಟೇ.

ಆಡುವ ರೀತಿಯೂ ಹಾಗೇ. ಇಪ್ಪತ್ತೆಂಟು ವರ್ಷ ನೂಲಿನ ಯಂತ್ರದ ಮುಂದೆ ನಡೆದಾಡಿದವನು. ನೂರಾರು ಎಳೆಗಳಲ್ಲಿ ಯಾವುದು ಕಡಿಯಿತೆಂದು ಕಂಡು, ಯಂತ್ರ ನಿಲ್ಲಿಸದೆ ಜೋಡಿಸಿ ಮುಂದೆ ಹೋಗುವುದೇ ಅವನ ಕೆಲಸ. ರಮ್ಮಿಯಲ್ಲೂ ಅದನ್ನೇ ಮಾಡುತ್ತಿದ್ದ. ಕೆಟ್ಟ ಎಲೆ ಬಂದರೆ ಮೊದಲ ಸುತ್ತಿನಲ್ಲೇ ಕವುಚಿಟ್ಟು ಸಣ್ಣ ಸೋಲು ಒಪ್ಪಿಕೊಂಡು ಟೀ ಕುಡಿಯುತ್ತಿದ್ದ. ಯಾರು ಯಾವ ಎಲೆ ಬಿಸಾಕಿದರು ಎಂಬುದು ಒಂದೂ ತಪ್ಪದೆ ಅವನ ತಲೆಯಲ್ಲಿ ಇರುತ್ತಿತ್ತು.

ಚೆನ್ನಿಯಪ್ಪನ್ ಎಲೆ ಕವುಚಿದವನೇ ಅಲ್ಲ. ಇಪ್ಪತ್ತರ ಹರೆಯದಲ್ಲಿ, ಬಾಯಿ ಹೊಲಿದ ಹತ್ತಿ ಮೂಟೆಗಳನ್ನು ಬಿಚ್ಚಿ ನೋಡದೆ ಕೊಂಡು, ಒಳಗೆ ಮೊದಲ ದರ್ಜೆಯ ಅರಳೆ ಸಿಕ್ಕಿ, ಒಂದೇ ದಿನದಲ್ಲಿ ಊರಲ್ಲಿ ದೊಡ್ಡ ಮನುಷ್ಯನಾಗಿದ್ದ. ಅವತ್ತಿನಿಂದ ಮುಚ್ಚಿದ್ದರ ಮೇಲೆಯೇ ಅವನ ನಂಬಿಕೆ. ಮುಂದಿನ ಎಲೆ ಬಂದೇ ಬರುತ್ತದೆ ಎಂದು ಕೊನೆಯ ತನಕ ಕಾಯುತ್ತಿದ್ದ, ಕಾದು ಕಾದು ಮುಳುಗುತ್ತಿದ್ದ.

ಕಾಯುವಾಗ ಗೊಣಗುವ ಚಾಳಿ ಬೇರೆ. ಬೇಕಾದ ಎಲೆಯನ್ನು ಮನೆಮಾತಿನಲ್ಲಿ, ಕನ್ನಡದಲ್ಲಿ, ಕರೆಯುತ್ತಿದ್ದ. ಇಸ್ಪೀಟಿಗೆ ಗುದ್ಲಿ, ಕಳಾವರಿಗೆ ಸೊಪ್ಪು, ರಾಣಿಗೆ ಹೆಂಗಸು ಎಂದು ಅವನದೇ ಹೆಸರುಗಳು. ತಮಿಳು ಮಾತಿನ ಕ್ಲಬ್ಬಿನಲ್ಲಿ ಅದು ಯಾರಿಗೆ ತಿಳಿಯಬೇಕು? ಎದುರಿಗೆ ಕೂತವನಂತೂ ಕಿವುಡ.

*

ಹಾರ ಹಾಕಲು ಬಗ್ಗಿದಾಗ ಹೆಂಗಸರ ಗುಂಪಿನಿಂದ ಅಳು ಎದ್ದಿತು. "ನನ್ನ ಬುಟ್ಟು ಎಲ್ಲಿಗೆ ಹೋದೆ ದೊರೆಯೇ, ಒಂದು ಮಾತು ಹೇಳ್ದೆ ಹೋದೆಯಲ್ಲಾ" ಎಂದು ಹೆಂಡತಿ ಪಳನಿಯಮ್ಮಾಳ್ ಎದೆ ಬಡಿದುಕೊಳ್ಳುತ್ತಿದ್ದಳು.

ಕನ್ನಡ. ಚೆನ್ನಿಯಪ್ಪನ್‌ನ ಕೈ ಹಾರದ ಸಮೇತ ಅಲ್ಲೇ ನಿಂತಿತು. ಹನ್ನೊಂದು ವರ್ಷ ಎದುರಿಗೆ ಕೂತವನ ಎಲೆಗಳನ್ನು ನೋಡಿದ್ದ, ಬೆರಳುಗಳನ್ನು ನೋಡಿದ್ದ, ರೆಪ್ಪೆ ಎಷ್ಟು ಸಲ ಬಡಿಯುತ್ತದೆಂದು ನೋಡಿದ್ದ. ನಿಮ್ಮ ಮನೆಯಲ್ಲಿ ಯಾವ ಮಾತು ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಗೆದ್ದವನ ಯೋಗಕ್ಷೇಮ ವಿಚಾರಿಸಲು ಅವನ ಗಂಟಲು ಒಪ್ಪುತ್ತಿರಲಿಲ್ಲ.

"ಅಯ್ಯೋ ಶಿವನೇ, ಇವ ನಮ್ಮವನಾ" ಎಂದು ಅವನ ಬಾಯಿ ತಾನಾಗಿ ಗೊಣಗಿತು.

ಹೆಣದ ತಲೆಯ ಬಳಿ ಕೂತಿದ್ದ ಮುದುಕಿ ಕತ್ತೆತ್ತಿದಳು. ಲಿಂಗಪ್ಪನ್‌ನ ಅಕ್ಕ ನಾಚಿಯಮ್ಮ. ಯಾವೂರು ಎಂದು ಕೇಳಿದಳು. ಅನ್ನೂರು ಎಂದ. ಇಸ್ಪೀಟಿನ ಸೀಟಾಟ ಆಡುವವರೋ ಎಂದಳು. ಹೌದೆಂದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಳುವಿನ ನಡುವೆಯೂ ಅವಳ ತುಟಿಯಲ್ಲಿ ಒಂದು ನಗು ಬಂದಂತಾಯಿತು.

"ಹಂಗಾದ್ರೆ ಸೊಪ್ಪಿನ ಹೆಂಗ್ಸು ನೀವೇನಾ ತಮ್ಮಾ?"

ಚೆನ್ನಿಯಪ್ಪನ್‌ಗೆ ಮೊದಲು ನಾಚಿಕೆಯಾಯಿತು. ಈ ಮನೆಯಲ್ಲಿ ತನಗೆ ಅಡ್ಡಹೆಸರು ಬೇರೆ ಇಟ್ಟಿದ್ದಾರೆ. ಆಮೇಲೆ ಕೋಪ ಬಂತು. ಹತ್ತು ವರ್ಷವೂ ತನ್ನ ಗೊಣಗಾಟ ಕೇಳಿಸಿಕೊಂಡೇ ಈ ಕಳ್ಳ ಗೆದ್ದಿದ್ದಾನೆ! ಕೋಪದ ಬೆನ್ನಿಗೆ ಒಂದು ಸಂತೋಷವೂ ಬಂತು. ಹತ್ತು ಸೋಲೂ ಸೋಲಲ್ಲ ಹಾಗಾದರೆ. ಆಟದಲ್ಲಿ ತಾನೇನೂ ಕಡಿಮೆಯಲ್ಲ.

"ನಾ ಬಾಯಲ್ಲಿ ಹೇಳಿದ್ದೆಲ್ಲ ಅವ್ರಿಗೆ ಕೇಳ್ತಿತ್ತಾ ಅಕ್ಕಾ?" ಎಂದ. ದನಿಯಲ್ಲಿ ಮೊನೆ ಇತ್ತು.

"ಕೇಳಬಾರ್ದು ಅಂತಾನೇ ಹತ್ತಿ ಇಟ್ಕೊಳ್ತಿದ್ದ" ಎಂದಳು ನಾಚಿಯಮ್ಮ. "ಅವನ ಕಿವಿಗೇನಾಗಿತ್ತು? ಎಲೆ ಹಂಚೋ ತನಕ ನಿಮ್ಮ ಮಾತು ಕೇಳಾನಂತೆ. ಮಿಲ್ಲಲ್ಲಿ ನಮ್ಮ ಮಾತು ಯಾರು ಆಡ್ತಾರೆ, ಕೇಳೋಕೆ ಆಸೆ ಅಂತಿದ್ದ. ಹಂಚಿದ ಮೇಲೆ ಕೇಳಿದ್ರೆ ಕಳ್ಳತನ ಆಗುತ್ತೆ ಅಂತ ಹತ್ತಿ ತುರ್ಕೊಳಾನು."

ನಿಮ್ಮದೂ ನಮ್ಮ ಮಾತೇ ಎಂದು ಹೇಳಬಹುದಿತ್ತಲ್ಲ ಎಂದು ಚೆನ್ನಿಯಪ್ಪನ್ ತೊದಲಿದ. ಹೇಳಿದರೆ ನೀವು ಬಾಯಿ ಮುಚ್ಚಿಕೊಳ್ಳುತ್ತೀರಿ ಎಂದು ಅವನಿಗೆ ಭಯ ಎಂದಳು ಮುದುಕಿ. ಹಾಗೆಂದು ಹೆಣದ ಹಣೆಯ ಮೇಲಿನ ವಿಭೂತಿಯನ್ನು ಸರಿಮಾಡಿ, ತಮ್ಮನ ಗಲ್ಲ ಸವರಿದಳು.

"ಒಂದು ಪೊಂಗಲಲ್ಲಿ ಮಾತ್ರ ಕಿವಿ ಸೋರ್ತಿತ್ತು. ಹತ್ತಿ ಇಡಬಾರ್ದು ಅಂದ್ರು ಡಾಕ್ಟರು. ಅವತ್ತು ಕೇಳಿಸ್ಬುಡ್ತಂತೆ."

*

ಎಂಬತ್ತನಾಲ್ಕರ ಆ ಫೈನಲ್ಲನ್ನು ಚೆನ್ನಿಯಪ್ಪನ್ ಸಾವಿರ ಸಲ ನೆನೆದು ಸವಿದಿದ್ದ. ಹನ್ನೆರಡು ಎಲೆ ಕೂಡಿ ಬಂದಿದ್ದವು. ಕಳಾವರ್ ರಾಣಿಯೊಬ್ಬಳು ಬಂದರೆ ಮುಗಿಯಿತು. "ಸೊಪ್ಪಿನ ಹೆಂಗ್ಸೇ ಬಾ, ಮನೆಗೆ ಬಾ ತಾಯೀ" ಎಂದು ಗೊಣಗುತ್ತಿದ್ದ. ಲಿಂಗಪ್ಪನ್ ತುಂಬ ಹೊತ್ತು ತನ್ನ ಎಲೆಗಳನ್ನೇ ನೋಡುತ್ತ ಕೂತ. ಎಂದೂ ಅಷ್ಟು ಹೊತ್ತು ತೆಗೆದುಕೊಂಡವನಲ್ಲ. ಆಮೇಲೆ ಕಳಾವರ್ ರಾಣಿಯನ್ನು ಎತ್ತಿ ಮೆಲ್ಲಗೆ ಮೇಜಿನ ಮೇಲೆ ಇಟ್ಟ.

ಲಿಂಗಪ್ಪನ್ ತನ್ನ ಎಲೆ ಬಿಚ್ಚಿ ತೋರಿಸಿದಾಗ ಮಯಿಲ್‌ಸಾಮಿ ಹೌಹಾರಿದ. ಜಾಕಿಗೂ ರಾಜನಿಗೂ ನಡುವೆ ಇದ್ದ ರಾಣಿಯನ್ನೇ ಕಿತ್ತು ಹಾಕಿದ್ದನಲ್ಲ! ವಯಸ್ಸಾಯಿತು ಎಂದು ನಕ್ಕಿದ್ದ ಚೆನ್ನಿಯಪ್ಪನ್. ಬೆಳ್ಳಿ ಬಣ್ಣದ ಆ ಕಪ್ಪನ್ನು ಮನೆಯ ಹಾಲ್‌ನಲ್ಲಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಇಟ್ಟಿದ್ದ.

*

"ಕೇಳಿದ ಮೇಲೆ ಹಿಡ್ಕೊಂಡ್ರೆ ಮೋಸ. ಕೇಳದ ಹಂಗೆ ಆಡಾಕೆ ಬರಲ್ಲ. ನಮ್ಮ ಮಾತಲ್ಲಿ ಅಷ್ಟು ಪ್ರೀತೀಲಿ ಕರೀತಾನೆ, ಕಳಿಸಿಕೊಟ್ಟೆ ಅಂದ" ಎಂದಳು ನಾಚಿಯಮ್ಮ. ಅವಳು ಹೊಗಳಿಕೆಯಾಗಿ ಹೇಳಿದ್ದಳು. ಚೆನ್ನಿಯಪ್ಪನ್‌ಗೆ ಕೆನ್ನೆಗೆ ಬಾರಿಸಿದಂತಾಯಿತು.

ಹತ್ತು ಸೋಲೂ ನಿಜವಾದ ಸೋಲು. ಗೆಲುವು ಮಾತ್ರ ದಾನ. ಇವನು ಮೋಸಗಾರನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮೋಸಗಾರನನ್ನು ಕ್ಷಮಿಸಿ ಮನೆಗೆ ಹೋಗಿ ಉಣ್ಣಬಹುದಿತ್ತು. ಇಂಥವನನ್ನು ಏನು ಮಾಡುವುದು? ಹಾರವನ್ನು ಉಳಿದ ಹಾರಗಳ ಅಡಿಗೆ, ಕಾಲ ಹತ್ತಿರ ಇಟ್ಟು ಹೊರಗೆ ಬಂದ.

ಅವರ ಕುಲದಲ್ಲಿ ಸುಡುವುದಿಲ್ಲ, ಮಣ್ಣು ಮಾಡುವುದು. ತಮಟೆ ಹಿಂದೆ ಎಲ್ಲರೂ ನಡೆದರು. ಚೆನ್ನಿಯಪ್ಪನ್ ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡಿದ್ದ. ಗುಂಡಿಯ ಬಳಿ ಸಾಲು ನಿಂತಿತು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿ, ಹಿಂದೆ ತಿರುಗಿ ನೋಡದೆ ಹೋಗಬೇಕು. ಸರದಿ ಬಂದಾಗ ಅವನು ಬಗ್ಗಿ ಒಂದು ಹಿಡಿ ಹಾಕಿದ. ಎರಡನೆಯದನ್ನೂ ಹಾಕಿದ. ಮೂರನೆಯದನ್ನು ಹಿಡಿದು ಚಾಚಿದ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

ಹಾಕಿ ಬನ್ನಿ, ಹಿಂದೆ ಜನ ಕಾಯುತ್ತಿದ್ದಾರೆ ಎಂದು ಮಯಿಲ್‌ಸಾಮಿ ತಮಿಳಿನಲ್ಲಿ ಮೆಲ್ಲಗೆ ಹೇಳಿದ.

"ಇದ ನಿನ್ನಂಗೆ ಸುಮ್ನೆ ಕೊಡಾಕಿಲ್ಲ" ಎಂದ ಚೆನ್ನಿಯಪ್ಪನ್ ಗುಂಡಿಯೊಳಕ್ಕೆ, ಗೊಣಗದೆ, ಗಟ್ಟಿಯಾಗಿ, ಕನ್ನಡದಲ್ಲಿ. "ಏಳು. ಎದ್ದು ಬಂದು ಗೆದ್ದು ತಗೋ."

ಮಿಲ್ಲಿನವರಿಗೆ ಏನೂ ತಿಳಿಯಲಿಲ್ಲ. ಮಣ್ಣೆಳೆಯುವವನು ಗುದ್ದಲಿ ಊರಿ ನಿಂತು ಇವನ ಕೈಯನ್ನೇ ನೋಡಿದ. ಚೆನ್ನಿಯಪ್ಪನ್ ಆ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಸಾಲಿನಿಂದ ಪಕ್ಕಕ್ಕೆ ಸರಿದ. ಬೆರಳ ಸಂದಿಯಿಂದ ಕೆಮ್ಮಣ್ಣು ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು, ಅವನು ಇನ್ನೂ ಬಿಗಿಯಾಗಿ ಹಿಡಿದ.