ಮಾರ್ತಾಂಡ ಕಂಡ ಮೂರು ಮೂಕಚಿತ್ರಗಳು

ಸಿನಿಮಾಗಳಿಗೆ ಇನ್ನೂ ಮಾತು ಬಾರದ ಕಾಲ. ಆದರೂ ಪುಣೆಯ ಥೇಟರಿನಲ್ಲಿ ಮಾತಿಗೇನೂ ಬರವಿರಲಿಲ್ಲ, ಮಾರ್ತಾಂಡ ಇದ್ದನಲ್ಲ! ಧಾರವಾಡದಿಂದ ಬಂದು ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಇವನದು ಬಾಯಿ ಬೊಂಬಾಯಿ. ಪರದೆಯ ಮೇಲೆ ಮರಾಠಿ ಅಕ್ಷರ ಮೂಡುವುದೇ ತಡ, ಓದಲು ಬಾರದ ಕನ್ನಡದವರಿಗಾಗಿ ಅದನ್ನು ಕನ್ನಡ ಮಾಡಿ ಕೂಗುತ್ತಿದ್ದ. ಕೂಗಲಿ, ಪುಣ್ಯದ ಕೆಲಸವೇ. ಆದರೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಈ ಮಹಾರಾಯನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ಇಂಥವನು ಸದಾಶಿವ ಪೇಠದ ವಕೀಲ ರಾಘಣ್ಣನವರ ಮಗಳು ಇಂದೂಳನ್ನು ಮಠದ ಆರಾಧನೆಯಲ್ಲಿ ಕಂಡ. ಕಂಡದ್ದೇ, ಮದುವೆಯಾದರೆ ಇವಳನ್ನೇ ಎಂದು ತಾಯಿ ಗಂಗೂಬಾಯಿಯ ಬೆನ್ನು ಹತ್ತಿದ. ಅಂತೂ ಹೆಣ್ಣು ನೋಡುವ ದಿನ ಬಂತು.

ಅವಲಕ್ಕಿಯ ತಾಟುಗಳು ಬಂದವು. ಇಂದೂ ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಹಾಡು ಬರುತ್ತದೆಯೇ ಎಂದು ಕೇಳುವುದು ರೂಢಿ. ಮಾರ್ತಾಂಡನಿಗೋ ತನ್ನ ಜಾಣತನ ತೋರಿಸುವ ಚಪಲ. ಈಚೆಗೆ ನೋಡಿದ ಸಿನಿಮಾಗಳ ಪುರಾಣ ಬಿಚ್ಚಿದ.

“ಮೊದಲನೇದರಾಗ ರಾಣಿ ಪಾರ್ಟು ಗಂಡಸರದ್ದ ರೀ. ಪಾಪ, ಮುಂಜಾನೆ ಕ್ಷೌರಕ್ಕ ಪುರಸತ್ತ ಸಿಕ್ಕಿರಲಿಲ್ಲ ಕಾಣ್ತದ! ಎರಡನೇದರಾಗ ಯುದ್ಧ. ಸತ್ತು ಬಿದ್ದ ಸಿಪಾಯಿ ಸೊಳ್ಳಿ ಕಚ್ಚಿತಂತ ತೊಡಿ ಕೆರಕೊಂಡ!”

ರಾಘಣ್ಣನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗೂಬಾಯಿಯಂತೂ ಹಿಗ್ಗಿ ಹೀರೇಕಾಯಿಯಾದಳು. ನಕ್ಕವರನ್ನು ಕಂಡರೆ ಮಾರ್ತಾಂಡ ನಿಲ್ಲುವನೇ?

“ಮೂರನೇದ ಕೇಳ್ರಿ. ತಾಯಿ ಸತ್ತ ಮಗನ್ನ ತೊಡಿಮ್ಯಾಲ ಹಾಕ್ಕೊಂಡು ಅಳ್ತಾಳ. ‘ಒಂದ ಸಲ ಕಣ್ಣ ತಗಿ, ಮಗನ’ ಅಂತ ಬರದಿತ್ತು. ನಾ ಏನ ಕೂಗಿದೆ ಅಂತೀರಿ? ‘ಅಳಾಕ ಹಚ್ಚೋ ಉಳ್ಳಾಗಡ್ಡಿ ತೀರ್ತು, ಇನ್ನೊಂದ ತರ್ರಿ!’ ನಮ್ಮ ಮಂದಿ ಎಲ್ಲಾ ಬಿದ್ದ ಬಿದ್ದ ನಕ್ಕರು!”

ಈ ಸಲ ಯಾರೂ ನಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದೂಳ ತಾಯಿ ನರ್ಮದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಇಂದೂ ತಲೆ ಎತ್ತಿದಳು. ನೋಡಲು ಬಂದವರ ಮುಂದೆ ಹೆಣ್ಣು ಹಾಗೆ ನೆಟ್ಟಗೆ ನೋಡುವುದುಂಟೇ? ಇವಳು ನೋಡಿದಳು.

“ಎಲ್ಲಾರೂ ನಗಲಿಲ್ರಿ. ಹೆಂಗಸರ ಬೆಂಚಿನ್ಯಾಗ ನಾನೂ ಅವ್ವನೂ ಇದ್ವಿ. ಹ್ವಾದ ವರ್ಷ ನನ್ನ ತಮ್ಮ ಜ್ವರದಾಗ ಹೋದ. ಆ ತಾಯಿ ಏನ ಅಂತಾಳ ಅಂತ ಅವ್ವ ನನ್ನ ಕೇಳಿದಳು. ನಾ ಓದಿ ಹೇಳೂದರಾಗ ನೀವು ಕೂಗಿದ್ರಿ. ಅವ್ವ ಎದ್ದ ಮನೀಗೆ ಬಂದಳು. ಕೂಗಿದವರು ಯಾರು ಅಂತ ಇವತ್ತ ಗೊತ್ತಾತು.”

ಮಾರ್ತಾಂಡನ ಮುಖ ಕಪ್ಪಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಎಂದು ನರ್ಮದಾಬಾಯಿಯ ಕಾಲಿಗೆ ಬೀಳಬೇಕೆನಿಸಿತು. ಈ ಹುಡುಗಿ ಕೈತಪ್ಪಿದಳಲ್ಲಾ ಎಂದು ಎದೆ ಉರಿಯಿತು.

ಗಂಗೂಬಾಯಿಗೆ ಮಾತ್ರ ರೋಷ. ತಾಟು ಸರಿಸಿ ಎದ್ದಳು. ಹೆಣ್ಣು ಬೇಡವೆಂಬುದನ್ನು ಮರ್ಯಾದೆಯಿಂದ ಹೇಳಲು ಗಂಡಿನವರಿಗೊಂದು ಮಾತಿದೆ. ಅದನ್ನು ಆಡುವ ಹಕ್ಕು ಅಂದಿನವರೆಗೆ ಗಂಡಿನವರದೇ ಆಗಿತ್ತು.

“ನಾವು ವಿಚಾರ ಮಾಡಿ...” ಎಂದು ಅವಳು ಬಾಯಿ ತೆರೆದಳು.

“ನಿಮಗ್ಯಾಕ ತ್ರಾಸು, ಗಂಗೂಬಾಯಾರ?” ರಾಘಣ್ಣನವರು ಕೈಮುಗಿದು ಬಾಗಿಲು ತೋರಿಸಿದರು. “ನಾವ ತಿಳಸ್ತೀವಿ.”