ನೋವಿಗೆ ಎಷ್ಟು ಅಂಕ

ನನ್ನ ತಂಗಿ ಸುಟ್ಟಗಾಯದ ವಾರ್ಡಿನ ನರ್ಸು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಅವಳು ಕೆಲಸದ ಜೊತೆಗೇ ಸಂಶೋಧನೆಗೂ ಸೇರಿಕೊಂಡಾಗ ಲೆಕ್ಕದ ಭಾಗ ನನ್ನ ತಲೆಗೆ ಬಿತ್ತು. ಅರ್ಧ ಅಂಕಿ, ಅರ್ಧ ರೋಗಿಗಳ ಜೊತೆ ಮಾತುಕತೆ. ಎರಡನ್ನೂ ಎದುರುಬದುರು ಇಟ್ಟು ನೋಡುವ ಅಧ್ಯಯನ.

“ಅಂಕಿ ನಾನು ನೋಡ್ಕೋತೀನಿ, ಹರಟೆ ನೀನು ಹೊಡ್ಕೋ,” ಎಂದು ಕಿಚಾಯಿಸಿದ್ದೆ. ಅವಳು ನಕ್ಕಳು. ನನ್ನ ಬಾಯಿ ಅವಳಿಗೆ ಹುಟ್ಟಿದಾಗಿನಿಂದ ಅಭ್ಯಾಸ.

ಆಸ್ಪತ್ರೆಯವರ ಬೆನ್ನು ಬಿದ್ದು ಅವಳು ಗಿಟ್ಟಿಸಿಕೊಂಡದ್ದು ಒಂದೇ ಅನುಮತಿ. ಗಾಯದ ಪಟ್ಟಿ ಬದಲಿಸುವಾಗ ಮನೆಯವರೊಬ್ಬರು ಗೌನು, ಮಾಸ್ಕು ಹಾಕಿಕೊಂಡು ರೋಗಿಯ ತಲೆಯ ಬಳಿ ಕೂರಬಹುದು. ಅಲ್ಲಿಯವರೆಗೆ ಅಪ್ಪ ಅಮ್ಮ, ಗಂಡ ಹೆಂಡತಿ ಎಲ್ಲರೂ ಬಾಗಿಲಾಚೆ ನಿಂತು ಒಳಗಿನ ನರಳಾಟ ಕೇಳಬೇಕಿತ್ತು. ವಾರ್ಡಿನ ದೊಡ್ಡ ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದ್ದರು. ನೋವು ಕಡಿಮೆಯಾದರೆ ಬಾಗಿಲು ತೆರೆದಿರುತ್ತದೆ, ಇಲ್ಲದಿದ್ದರೆ ಮತ್ತೆ ಮುಚ್ಚುತ್ತದೆ ಎಂಬುದು ಅವರ ಷರತ್ತು.

ಹಾಗಾಗಿ ಒಂದು ದಿನ ರೋಗಿ ಒಬ್ಬರೇ, ಮರುದಿನ ಮನೆಯವರ ಜೊತೆ. ಪಟ್ಟಿ ಬಿಚ್ಚಲು ಶುರುಮಾಡಿದಾಗ ರೋಗಿ ತಮ್ಮ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಹೇಳಬೇಕು. ಹೆಚ್ಚು ಹೇಳಿದರೆ ಕೈ ತಡೆದು, ನೋವಿನ ಮದ್ದು ಕೊಟ್ಟು, ಆಮೇಲೆ ಮುಂದುವರಿಸುತ್ತಿದ್ದರು.

ಲೆಕ್ಕ ಮುಗಿಸಿದಾಗ ಉತ್ತರ ತಲೆಕೆಳಗಾಗಿ ಬಂದಿತ್ತು. ಮನೆಯವರು ಕೂತ ದಿನವೇ ನೋವಿನ ಅಂಕ ಜಾಸ್ತಿ! ಹಿಂದುಮುಂದಾಗಿ ಪರೀಕ್ಷಿಸಿದರೂ ಅದೇ.

“ರೋಗಿಗಳ ಸಂಖ್ಯೆ ಸಾಲದಾಯ್ತು, ಇನ್ನೂ ಅಧ್ಯಯನ ಬೇಕು ಅಂತ ಬರೆದು ಕೈ ತೊಳ್ಕೊಳ್ಳೇ,” ಎಂದೆ.

“ಬಂದಿದ್ದು ಬಂದಿದೆ ಅಕ್ಕ. ಯಾಕೆ ಹೀಗೆ ಬಂತು ಅಂತ ಅವರನ್ನೇ ಕೇಳ್ತೀನಿ.”

ವಾರವಿಡೀ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೂತಳು. ಹೇಳಿದವರು ಯಾರೆಂದು ಗೊತ್ತಾಗದಂತೆ ಬರೆದುಕೊಂಡ ಮಾತುಗಳನ್ನು ನನಗೆ ಓದಿ ಹೇಳಿದಳು. ಒಬ್ಬ ಲಾರಿ ಡ್ರೈವರ್ ಹೇಳಿದ್ದು ಹೀಗಿತ್ತು: “ಒಬ್ಬನೇ ಇದ್ರೆ ಮೂರು ಅಂದ್ಬಿಡ್ತೀನಿ ಸಿಸ್ಟರ್. ನೀವು ಪಾಪ ಅಷ್ಟು ಮೆಲ್ಲಗೆ ಬಿಚ್ತೀರ, ಎಂಟು ಅಂದ್ರೆ ನಿಮಗೆ ಬೇಜಾರಾಗಲ್ವಾ? ಹೆಂಡ್ತಿ ಪಕ್ಕದಲ್ಲಿದ್ರೆ ಆ ಆಟ ನಡೆಯಲ್ಲ. ‘ನನ್ನ ಕೈ ಹಿಂಡಿ ಹಿಪ್ಪೆ ಮಾಡಿ ಮೂರು ಅಂತೀರಲ್ರೀ, ನಿಜ ಹೇಳಿ’ ಅಂತಾಳೆ.” ಉಳಿದವರದೂ ಹೆಚ್ಚುಕಡಿಮೆ ಇದೇ ಮಾತು.

ನಾನಾಗಿದ್ದರೆ ಅಷ್ಟಕ್ಕೇ ಕುಣಿದುಬಿಡುತ್ತಿದ್ದೆ. ಅವಳು ಕುಣಿಯಲಿಲ್ಲ.

“ಇದು ಅವರ ಮಾತಾಯ್ತು. ನಿಜ ಹೇಳಿ ಮದ್ದು ಸಿಕ್ಕಿದ್ರೆ ಮೈಗೂ ಗೊತ್ತಾಗಬೇಕಲ್ವಾ? ಪಟ್ಟಿ ಕಟ್ಟಿ ಮುಗಿಸಿದಾಗಿನ ನಾಡಿಬಡಿತ ಯಂತ್ರದಲ್ಲಿದೆ. ನೋಡು.”

ನೋಡಿದೆ. ಮನೆಯವರು ಕೂತ ದಿನ ನಾಡಿ ಎದ್ದು ಕಾಣುವಷ್ಟು ನಿಧಾನವಾಗಿತ್ತು. ಅಂಕಿಯ ಪ್ರಶ್ನೆಯನ್ನು ಮಾತಿನ ಹತ್ತಿರ ಒಯ್ದು, ಮಾತಿನ ಉತ್ತರವನ್ನು ಮತ್ತೆ ಅಂಕಿಯ ಹತ್ತಿರ ತಂದು ಒರೆಗೆ ಹಚ್ಚಿದ್ದಳು ನನ್ನ ತಂಗಿ. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಗಬೇಕಿತ್ತು, ಹೆಮ್ಮೆಯೇ ಹೆಚ್ಚಾಯಿತು.

ಫಲಿತಾಂಶ ಒಪ್ಪಿಸುವ ಸಭೆಗೆ ನಾನೂ ಹೋಗಿದ್ದೆ. ದೊಡ್ಡ ಡಾಕ್ಟರು ಮೊದಲ ಕೋಷ್ಟಕ ನೋಡಿದವರೇ, “ನೋವು ಜಾಸ್ತಿ ಆಗಿದೆಯಲ್ಲ ಸಿಸ್ಟರ್,” ಎಂದರು. ಇಡೀ ಆಸ್ಪತ್ರೆಯಲ್ಲಿ ತಮ್ಮ ವಾರ್ಡಿನಲ್ಲೇ ನೋವು ಕಡಿಮೆ ಎಂಬುದು ಅವರ ದೊಡ್ಡ ಅಭಿಮಾನ. ತಂಗಿ ಅವಸರಪಡದೆ ಎಲ್ಲವನ್ನೂ ವಿವರಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಗಾದ್ರೆ ಇಷ್ಟು ವರ್ಷ ನಮ್ಮಲ್ಲಿ ನೋವು ಕಡಿಮೆ ಅಂತಿದ್ದಿದ್ದು?”

“ನಮಗೆ ಬೇಜಾರಾಗಬಾರದು ಅಂತ ಅವರು ಸಹಿಸ್ಕೊಂಡಿದ್ದು ಸರ್,” ಎಂದಳು. “ನಾನು ಪಟ್ಟಿ ಬಿಚ್ಚುವಾಗ್ಲೂ ಅಷ್ಟೇ.”

ಡಾಕ್ಟರು ಕನ್ನಡಕ ಹಾಕಿಕೊಂಡು ಆ ಕೋಷ್ಟಕವನ್ನು ಮತ್ತೊಮ್ಮೆ ಮೊದಲಿಂದ ಓದಿದರು.

“ಬಾಗಿಲು ತೆರೆದೇ ಇರ್ಲಿ,” ಎಂದರು ಕೊನೆಗೆ. “ನಮ್ಮ ಅಂಕಿ ಏರಿದ್ರೆ ಏರ್ಲಿ.”