ಒಂದು ಕೊಡ ಚಲೋ ನೀರು

ನಾನೊಂದು ಕೈಪಂಪು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದೆ, ಹುಟ್ಟುವಾಗಲೇ ಒಂದು ಊನದೊಂದಿಗೆ. ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡು, ನನ್ನ ಕುತ್ತಿಗೆಯಲ್ಲಿ ಸೂಜಿ ತೂರುವಷ್ಟು ತೂತು ಉಳಿಯಿತು. ಕೆಲಸಗಾರ ಅದಕ್ಕೆ ಮೇಣ ಮೆತ್ತಿ ಹಸಿರು ಬಣ್ಣ ಬಳಿದ. ತಪಾಸಣೆಯವರು ಬಣ್ಣ ನೋಡಿದರು. ನಾನು ಪಾಸಾದೆ.

ನಗರಸಭೆಯವರು ನನ್ನನ್ನು ತಂದು ಕಾರ್ಖಾನೆ ಓಣಿಯ ತುದಿಯಲ್ಲಿ ನೆಟ್ಟರು. ನನ್ನ ಬೆನ್ನಿಗೆ ನಾಲ್ಕೇ ಅಡಿ ದೂರದಲ್ಲಿ ಕಾರ್ಖಾನೆಯ ಗೋಡೆ. ಆಚೆ ಸೈಕಲ್ ಹ್ಯಾಂಡಲ್‌ಗಳಿಗೆ ಹೊಳಪಿನ ಲೇಪ ಕೊಡುತ್ತಿದ್ದರು. ತೊಟ್ಟಿಗಳಲ್ಲಿ ಕ್ರೋಮಿಯಂ ದ್ರಾವಣ. ಬಳಸಿ ಉಳಿದದ್ದು ಹಿತ್ತಲಿನ ಗುಂಡಿಗೆ. ಆ ಗುಂಡಿಗೆ ಮಣ್ಣೇ ತಳ. ನನ್ನ ಕೊಳವೆ ಹದಿನೆಂಟು ಅಡಿ ಇಳಿದಿತ್ತು. ಅಲ್ಲಿ ಕತ್ತಲಲ್ಲಿ ನೀರು ಗೋಡೆಯ ಕಡೆಯಿಂದಲೇ ನನ್ನತ್ತ ಸರಿದು ಬರುತ್ತಿತ್ತು.

ಎರಡು ವರ್ಷಕ್ಕೆ ಮೇಣ ಉದುರಿತು. ಅಂದಿನಿಂದ ಹಿಡಿ ಒತ್ತಿದಾಗಲೆಲ್ಲ ತೂತಿನಿಂದ ಗಾಳಿ ಒಳನುಗ್ಗಿ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಗಾಳಿ ಸೇರಿದ್ದರಿಂದ ನೀರು ನನ್ನೊಳಗೆ ನಿಲ್ಲದೆ ಕೆಳಗಿಳಿಯುತ್ತಿತ್ತು. ಪ್ರತಿಸಲವೂ ಮೊದಲು ಬಾಯಿಗೆ ಒಂದಿಷ್ಟು ನೀರು ಹೊಯ್ದೇ ನನ್ನನ್ನು ಎಬ್ಬಿಸಬೇಕು. ಓಣಿಯವರು ಅದನ್ನು 'ಬೋರಿಂಗಿಗೆ ಕುಡಸೂದು' ಎನ್ನುತ್ತಿದ್ದರು. ಎದುರು ಮನೆಯ ದುರಗವ್ವ ಸಂಜೆ ನನ್ನದೇ ನೀರು ಒಂದು ತಂಬಿಗೆ ಎತ್ತಿಟ್ಟು, ಬೆಳಿಗ್ಗೆ ಅದನ್ನೇ ಕುಡಿಸುತ್ತಿದ್ದಳು.

ಅವಳ ಗಂಡ ಫಕ್ಕೀರಪ್ಪ ತೊಟ್ಟಿಗಳ ಬಳಿ ಕೆಲಸಕ್ಕಿದ್ದ. ಹನ್ನೊಂದು ವರ್ಷ ಆ ಹಬೆ ಕುಡಿದು ಅವನ ಹೊಳ್ಳೆಗಳ ನಡುವಿನ ಗೋಡೆಗೂ ತೂತು ಬಿತ್ತು. ಆಮೇಲೆ ಅವನು ಉಸಿರೆಳೆದರೂ ಸಿಳ್ಳೆ.

"ನೀನೂ ಬೋರಿಂಗೂ ಅಣ್ಣತಮ್ಮ ಬಿಡು," ಎಂದು ದುರಗವ್ವ ಕಾಡಿಸುತ್ತಿದ್ದಳು.

"ಹಂಗಂದ್ರ ನನಗೂ ದಿನಾ ಒಂದ್ ತಂಬಗಿ ಕುಡಸು," ಎನ್ನುತ್ತಿದ್ದ ಅವನು.

ಅವನು ಸತ್ತ ವರ್ಷವೇ ಕಾರ್ಖಾನೆಗೂ ಬೀಗ ಬಿತ್ತು. ಆಮೇಲೆ ದುರಗವ್ವ ಕೊಡವಿಲ್ಲದೆಯೂ ಬರತೊಡಗಿದಳು. ನಿಧಾನವಾಗಿ ಹಿಡಿ ಒತ್ತಿ, ನನ್ನ ಕುತ್ತಿಗೆಗೆ ಕಿವಿ ಆನಿಸಿ, ಸಿಳ್ಳೆ ಕೇಳಿ ಹೋಗುತ್ತಿದ್ದಳು.

ನನ್ನ ನೀರು ಹಳದಿಯಾಯಿತು. ಕುಡಿಯಲು ಟ್ಯಾಂಕರ್ ಬಂತು. ಸ್ನಾನಕ್ಕೆ, ಪಾತ್ರೆಗೆ ನಾನೇ. ಮದುಮಗಳ ಅರಿಶಿನದ ಸ್ನಾನಕ್ಕೂ ನಾನೇ. "ಅರಿಷಿಣ ಕಲಸೂದ ಬ್ಯಾಡ, ತಾಯಿ ತಾನ ಕಲಸಿ ಕೊಟ್ಟಾಳ," ಎಂದು ಹೆಂಗಸರು ನಗುತ್ತಿದ್ದರು. ದುರಗವ್ವನ ಮೊಮ್ಮಗಳು ರೇಣವ್ವ ದಿನವೂ ಪಾತ್ರೆ ತಿಕ್ಕುತ್ತಿದ್ದಳು. ಅವಳ ಬೆರಳುಗಳಲ್ಲಿ ದುಂಡನೆಯ ಗಾಯಗಳಾದವು, ಮೊಳೆ ಹೊಡೆದು ಕಿತ್ತಂತೆ. ಅವು ಮಾಯಲಿಲ್ಲ.

ಬೀಗ ಬಿದ್ದ ಹದಿನಾಲ್ಕನೇ ವರ್ಷ ಸರ್ಕಾರ ಹಣ ಮಂಜೂರು ಮಾಡಿತು. ವಿಷದ ಮಣ್ಣು ಅಗೆದು ಸಾಗಿಸಿ, ಹೊಸ ಮಣ್ಣು ತುಂಬಿ, ಆ ನೆಲದಲ್ಲಿ ಉದ್ಯಾನ ಮತ್ತು ಮನೆಗಳನ್ನು ಮಾಡುವುದು. ಆದರೆ ಪರೀಕ್ಷೆಯಲ್ಲಿ ವಿಷ ಕಂಡ ಜಾಗಕ್ಕೆ ಮಾತ್ರ ಹಣ. ಓಣಿಗೆ ಗೊತ್ತುಮಾಡಿದ್ದು ಒಂದೇ ಪರೀಕ್ಷಾ ಸ್ಥಳ: ನಾನು. ನನ್ನ ನೀರಿನಲ್ಲಿ ವಿಷ ಸಿಕ್ಕರೆ ಓಣಿಯ ಮಣ್ಣು ಹೋಗುತ್ತದೆ, ಹೊಳೆ ನೀರಿನ ನಲ್ಲಿ ಬರುತ್ತದೆ. ಸಿಗದಿದ್ದರೆ ಎರಡೂ ಇಲ್ಲ.

ಪರೀಕ್ಷೆಯ ದಿನ ದುರಗವ್ವ ನನ್ನನ್ನು ತೊಳೆದು ಕುಂಕುಮ ಹಚ್ಚಿದಳು. ಇಂಜಿನಿಯರ್ ನಸ್ರೀನ್ ಇನಾಮದಾರ್ ಜೀಪಿನಿಂದ ಇಳಿಯುತ್ತಲೇ, ದುರಗವ್ವ ನನಗೆ ಕುಡಿಸಲು ಎತ್ತಿದ್ದ ಹಳದಿ ನೀರಿನ ತಂಬಿಗೆಯನ್ನು ಕೆಳಗಿಟ್ಟಳು.

"ಸರಕಾರದ ಮಂದಿ ಬಂದಾರ, ಈ ಹೊಲಸು ನೀರು ಬ್ಯಾಡ. ರೇಣಿ, ಟ್ಯಾಂಕರಿನ ಚಲೋ ನೀರು ಒಂದ್ ಕೊಡ ತಾ."

ಮನೆಗೆ ಬಂದವರಿಗೆ ಮಾಡುವ ಮರ್ಯಾದೆ ಅದು. ಇಡೀ ಕೊಡವನ್ನು ನನ್ನ ಬಾಯಿಗೆ ಹೊಯ್ದಳು. ಇಂಜಿನಿಯರ್ ಗೋಡೆ ನೋಡಲು ಹೋಗಿದ್ದರು. ಸಹಾಯಕ ಮೂರು ಸಲ ಹಿಡಿ ಒತ್ತಿ, ಬಾಟಲಿ ತುಂಬಿ, ಮೊಹರು ಹಾಕಿ ಪೆಟ್ಟಿಗೆಗೆ ಸೇರಿಸಿದ. ಕೂಗಿ ಹೇಳಲು ನನಗಿದ್ದದ್ದು ಸಿಳ್ಳೆಯೊಂದೇ. ಮೂರು ಸಲವೂ ಸಿಳ್ಳೆ ಹಾಕಿದೆ.

ತಿಂಗಳ ಮೇಲೆ ಇಬ್ಬರು ಬಂದು ನನ್ನ ಎದೆಯ ಮೇಲೆ ನೀಲಿ ಬಣ್ಣದಲ್ಲಿ 'ಸುರಕ್ಷಿತ' ಎಂದು ಬರೆದರು. ಟ್ಯಾಂಕರ್ ನಿಂತಿತು.

"ಓದಿದವರು ಬರದಾರಂದ್ರ ಸುಳ್ಳಾಗ್ತದೇನು?" ಎಂದು ಓಣಿಯವರು ಮತ್ತೆ ನನ್ನ ನೀರು ಕುಡಿಯತೊಡಗಿದರು.

ಗೋಡೆಯ ಆಚೆ ಯಂತ್ರಗಳು ಹತ್ತು ಅಡಿ ಮಣ್ಣು ಅಗೆದವು. ಲಾರಿಗಳು ತಾಡಪತ್ರಿ ಹೊದ್ದು ಸಾಲಾಗಿ ಹೋದವು. ಈಚೆ, 'ಸುರಕ್ಷಿತ' ಎಂಬ ಅಕ್ಷರಗಳ ಕೆಳಗೆ, ರೇಣವ್ವನ ಕೂಸು ಹಳದಿ ಕೆಸರಿನಲ್ಲಿ ಕೂತು ಬೆರಳು ಚೀಪುತ್ತಿತ್ತು.

ಒಂದು ಬೆಳಿಗ್ಗೆ ದುರಗವ್ವ ನನಗೆ ಕುಡಿಸಿದ ತಂಬಿಗೆಯಲ್ಲಿ ಪೂಜೆಯ ಕಣಗಿಲೆ ಎಸಳೊಂದು ಬಿದ್ದಿತ್ತು. ಎರಡು ಸಲ ಒತ್ತಿದಳು. ಅದೇ ಎಸಳು ತೇಲಿ ಹೊರಬಂತು. ಅವಳ ಕೈ ಹಿಡಿಯ ಮೇಲೆಯೇ ನಿಂತಿತು.

"ಅಯ್ಯ ನಮ್ಮವ್ವ! ಅವತ್ತು ಅವರು ಒಯ್ದದ್ದು ನಾ ಹಾಕಿದ ನೀರು!"

ಅಂದೇ ಕಚೇರಿಗೆ ಹೋದಳಂತೆ. ಮರುದಿನ ಇಂಜಿನಿಯರ್ ನನ್ನೆದುರು ಬಂದು ನಿಂತರು.

"ಅಜ್ಜಿ, ವರದಿ ಕಳಿಸಿ ಆಗೇದ. ಈಗ ಬದಲಿ ಮಾಡಿದ್ರ ನನ್ನ ತಪ್ಪು ನಾನ ಬರಕೊಟ್ಟಂಗ."

"ನನ್ನ ತಪ್ಪೂ ಬರಿಯವ್ವ. ಎರಡೂ ಒಂದ ಹಾಳಿ ಮ್ಯಾಲ ಕೂಡ್ರಲಿ."

ಇನಾಮದಾರ್ ಅಂಗಿಯ ತೋಳು ಮಡಚಿ ತಾವೇ ಹಿಡಿ ಹಿಡಿದರು. ಇನ್ನೂರು ಸಲ ಒತ್ತಿ ನೀರು ಚೆಲ್ಲಿದ ಮೇಲೆ ಬಾಟಲಿ ಹಿಡಿದರು. ಬಿಸಿಲಿಗೆ ಎತ್ತಿದಾಗ ಅದು ಎಣ್ಣೆದೀಪದಂತೆ ಹಳದಿಯಾಗಿ ಉರಿಯಿತು.

"ಓಣಿ ಯೋಜನೆದಾಗ ಬರ್ತದ. ಆದ್ರ ಬೋರಿಂಗ ಕಿತ್ತು, ಕೆಳಗ ಸಿಮೆಂಟ್ ತುಂಬಬೇಕಾಗ್ತದ, ಅಜ್ಜಿ."

ದುರಗವ್ವ ನನ್ನ ಕುತ್ತಿಗೆಗೆ ಕಿವಿ ಆನಿಸಿದಳು. ಒಂದೇ ಸಲ, ಬಹಳ ನಿಧಾನವಾಗಿ, ಹಿಡಿ ಒತ್ತಿದಳು.

"ಕೀಳ್ರಿ," ಎಂದಳು.

ಈಗ ನಾನು ಕಚೇರಿಯ ದಾಸ್ತಾನು ಕೋಣೆಯ ಮೂಲೆಯಲ್ಲಿದ್ದೇನೆ, ಎದೆಯ ಮೇಲೆ ಆ ನೀಲಿ ಅಕ್ಷರಗಳನ್ನು ಹೊತ್ತು. ಬಣ್ಣ ನೋಡಿ ನಂಬುವವರು ನನ್ನ ಹುಟ್ಟಿನಲ್ಲೂ ಇದ್ದರು, ಕೊನೆಯಲ್ಲೂ ಇದ್ದರು. ತೂತು ಮಾತ್ರ ಒಂದು ದಿನವೂ ಸುಳ್ಳು ಹೇಳಲಿಲ್ಲ. ಕಿಟಕಿಯಿಂದ ಗಾಳಿ ನುಗ್ಗಿದಾಗ ಅದು ಉಸಿರೆಳೆಯುತ್ತದೆ. ಗುಮಾಸ್ತ ಬೆಚ್ಚಿ ಕಪಾಟುಗಳ ಹಿಂದೆ ಹುಡುಕುತ್ತಾನೆ.

ಮೊನ್ನೆ ದುರಗವ್ವ ನಲ್ಲಿಯ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದಳು. ಗಾಳಿ ಬೀಸಿತು. ಗುಮಾಸ್ತ ಎದ್ದ.

"ಯಾರ್ರೀ ಅದು ಒಳಗ?"

"ಹುಡುಕಬ್ಯಾಡ್ರಿ," ಎಂದಳು ದುರಗವ್ವ, ಹೆಬ್ಬೆರಳಿನ ಮಸಿ ಸೆರಗಿಗೆ ಒರೆಸಿಕೊಳ್ಳುತ್ತ. "ನಮ್ಮ ಮನಿಯವರು."